ಮರುಭೂಮಿಯೂ ಬನ್ನಿಯ ಮರವೂ

ಮರುಭೂಮಿಯೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಮರಳು, ಬಿಸಿಲು, ಒಂಟೆ ಈ ಮೂರೇ. ಆದರೆ ಭೂಗೋಳಶಾಸ್ತ್ರಜ್ಞರು ಮರುಭೂಮಿಯನ್ನು ಅಳೆಯುವುದು ನೀರಿನ ಅಭಾವದಿಂದ. ವರ್ಷಕ್ಕೆ ಸುಮಾರು ಹತ್ತು ಅಂಗುಲ, ಎಂದರೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳತಕ್ಕ ಪ್ರದೇಶಕ್ಕೆ ಸಾಮಾನ್ಯವಾಗಿ ಆ ಹೆಸರು ಸಲ್ಲುತ್ತದೆ. ಈ ಲೆಕ್ಕದಲ್ಲಿ ಹಿಮದಿಂದ ಮುಚ್ಚಿದ ಅಂಟಾರ್ಕ್ಟಿಕವೂ ಮರುಭೂಮಿಯೇ ಆಗಿದೆ.

ನಮ್ಮ ದೇಶದ ಥಾರ್ ಮರುಭೂಮಿ ಅರಾವಳಿ ಬೆಟ್ಟಗಳ ಪಶ್ಚಿಮಕ್ಕೆ ಹಬ್ಬಿ ಸಿಂಧ್ ಪ್ರಾಂತದವರೆಗೆ ಹೋಗುತ್ತದೆ. ಇದರ ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರು. ಮಾರವಾಡವೆಂಬ ಹೆಸರಿನಲ್ಲಿಯೇ ‘ಮರು’ ಶಬ್ದವು ಅಡಗಿದೆ. ಹೀಗಿದ್ದರೂ 1156ರಲ್ಲಿ ಜೈಸಲ್ಮೇರ್, 1459ರಲ್ಲಿ ಜೋಧಪುರ, 1488ರಲ್ಲಿ ಬಿಕಾನೇರ್ ಇಲ್ಲಿ ತಲೆಯೆತ್ತಿದುವು. ಪ್ರಪಂಚದ ಮರುಭೂಮಿಗಳಲ್ಲಿ ಇಷ್ಟು ಒತ್ತಾಗಿ ಜನರು ವಾಸಿಸುವುದು ಅಪರೂಪ. ಇದು ಹೇಗೆ ಸಾಧ್ಯವಾಯಿತು?

ಮೊದಲು ಅಲ್ಲಿನ ಪ್ರಾಣಿಗಳನ್ನು ನೋಡೋಣ. ಒಂಟೆಯ ಡುಬ್ಬದಲ್ಲಿ ನೀರಿದೆಯೆಂಬುದು ಜನರ ನಂಬಿಕೆ, ಅಲ್ಲಿರುವುದು ಕೊಬ್ಬು. ಒಂಟೆಯು ಹಗಲಿನಲ್ಲಿ ತನ್ನ ಮೈಯ ಶಾಖವನ್ನು ಏರಗೊಟ್ಟು, ರಾತ್ರಿಯ ತಂಪಿನಲ್ಲಿ ಇಳಿಸಿಕೊಂಡು, ಬೆವರಾಗಿ ಹೋಗುವ ನೀರನ್ನು ಉಳಿಸುತ್ತದೆ. ಚಿಂಕಾರವೆಂಬ ಜಿಂಕೆಯು ಎಲೆಗಳ ರಸದಿಂದಲೂ ಇಬ್ಬನಿಯಿಂದಲೂ ಬಹುಕಾಲ ಜೀವಿಸಬಲ್ಲದು. ಗೌಜಲಹಕ್ಕಿಯನ್ನು ಹೋಲುವ ಮರಳುಗಾಡಿನ ಒಂದು ಪಕ್ಷಿಯಲ್ಲಿ ಗಂಡು ದೂರದ ನೀರಿಗೆ ಹಾರಿ, ಎದೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮರಿಗಳಿಗೆ ಕುಡಿಸುತ್ತದೆ. ದೊರೆತ ನೀರನ್ನು ಹನಿಯೂ ಪೋಲಾಗದಂತೆ ಕಾಯುವುದೇ ಇವೆಲ್ಲವುಗಳ ಬಾಳಿನ ಸೂತ್ರ.

ಮನುಷ್ಯನೂ ಅಲ್ಲಿ ಈ ಸೂತ್ರವನ್ನೇ ಹಿಡಿದನು. ಮಳೆಯ ನೀರನ್ನು ‘ಟಾಂಕಾ’ ಎಂಬ ನೆಲದೊಳಗಿನ ತೊಟ್ಟಿಗಳಲ್ಲಿ ಕೂಡಿಟ್ಟನು. ಇದಕ್ಕಿಂತ ದೊಡ್ಡ ಆಸರೆಯಾದುದು ಒಂದು ಮರ. ಅಲ್ಲಿ ಅದಕ್ಕೆ ಖೇಜ್ರಿ ಎಂದು ಹೆಸರು. ಸಂಸ್ಕೃತದಲ್ಲಿ ಅದು ಶಮೀ. ವಿಜಯದಶಮಿಯ ದಿನ ನಾವು ಪೂಜಿಸತಕ್ಕ ಬನ್ನಿಯೂ ಅದೇ. ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಮರವೆಂದು ನಾವು ನಮಸ್ಕರಿಸುವ ಈ ವೃಕ್ಷವು ಮಾರವಾಡದ ರೈತನಿಗೆ ಮನೆಯ ಕಣಜವಿದ್ದಂತೆ. ಅದರ ಬೇರು ಬಹಳ ಆಳಕ್ಕಿಳಿದು ತೇವವನ್ನು ಹುಡುಕುತ್ತದೆ. ಎಲೆ ಕುರಿ ಒಂಟೆಗಳಿಗೆ ಮೇವು. ಕಾಯಿ ಜನರಿಗೆ ಪಲ್ಯ. ನೆರಳಿನಲ್ಲಿ ಸಜ್ಜೆಯ ಪೈರು ಕುಗ್ಗದೆ ಬೆಳೆಯುತ್ತದೆ. 1868–69ರ ಘೋರ ಕ್ಷಾಮದಲ್ಲಿ ಜನರು ಇದರ ತೊಗಟೆಯನ್ನೇ ಹಿಟ್ಟುಮಾಡಿ ತಿಂದು ಜೀವ ಹಿಡಿದರು.

ಈ ಮರದ ಬೆಲೆಯನ್ನು ಧರ್ಮವಾಗಿ ವಿಧಿಸಿದವರು ಜಾಂಭೋಜಿ ಎಂಬ ಸಂತರು. 1485ರಲ್ಲಿ ಅವರು ಸ್ಥಾಪಿಸಿದ ಬಿಷ್ಣೋಯಿ ಪಂಥಕ್ಕೆ 29 ನಿಯಮಗಳು. ಹಸಿರು ಮರವನ್ನು ಕಡಿಯಬಾರದು, ಪ್ರಾಣಿಗಳಲ್ಲಿ ದಯೆಯಿರಬೇಕು ಎಂಬುವು ಅವುಗಳಲ್ಲಿ ಸೇರಿವೆ. 1730ರಲ್ಲಿ ಈ ನಿಯಮಕ್ಕೆ ಪರೀಕ್ಷೆಯ ಕಾಲ ಬಂದಿತು. ಜೋಧಪುರದ ಮಹಾರಾಜ ಅಭಯಸಿಂಹನ ಕಟ್ಟಡಗಳಿಗಾಗಿ ಸುಣ್ಣ ಸುಡಲು ಸೌದೆ ಬೇಕಾಯಿತು. ರಾಜಭಟರು ಸುಮಾರು 16 ಮೈಲಿ ದೂರದ ಖೇಜಡ್ಲಿ ಎಂಬ ಹಳ್ಳಿಗೆ ಕೊಡಲಿ ಹಿಡಿದು ಬಂದರು. ಅಮೃತಾದೇವಿ ಎಂಬ ಗೃಹಿಣಿ ಮರವನ್ನು ತಬ್ಬಿ ನಿಂತಳು. ತಲೆಗಿಂತ ಮರವು ಹೆಚ್ಚಿನದೆಂದು ನುಡಿದು ಪ್ರಾಣವನ್ನು ಕೊಟ್ಟಳು. ಅವಳ ಮೂವರು ಹೆಣ್ಣುಮಕ್ಕಳೂ ಅವಳನ್ನು ಹಿಂಬಾಲಿಸಿದರು. ಸುತ್ತಲಿನ ಹಳ್ಳಿಗಳಿಂದ ಜನರು ಬಂದು ಒಬ್ಬರ ಹಿಂದೊಬ್ಬರು ಮರಗಳನ್ನು ಅಪ್ಪಿದರು. ಹೀಗೆ ಮಡಿದವರು 363 ಮಂದಿಯೆಂದು ಆ ಪಂಥದ ಪರಂಪರೆ ಹೇಳುತ್ತದೆ. ವಾರ್ತೆಯನ್ನು ಕೇಳಿದ ಮಹಾರಾಜನು ಕಡಿತವನ್ನು ನಿಲ್ಲಿಸಿ, ಬಿಷ್ಣೋಯಿಗಳ ಗ್ರಾಮಗಳಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದನೆಂದು ಪ್ರತೀತಿ.

ಇದನ್ನು ಕುರುಡು ಭಕ್ತಿಯೆಂದು ತಳ್ಳಿಬಿಡುವವರು ಉಂಟು. ಆದರೆ ಲೆಕ್ಕವನ್ನು ನೋಡಬೇಕು. ಅರಸನಿಗೆ ಆ ಮರವು ಒಂದು ದಿನದ ಸೌದೆ. ಹಳ್ಳಿಯವನಿಗೆ ಮುಂದಿನ ಕ್ಷಾಮದ ಅನ್ನ. ಮಳೆ ತಪ್ಪುವುದೇ ವಾಡಿಕೆಯಾದ ನಾಡಿನಲ್ಲಿ, ನಿಧಾನವಾಗಿ ಬೆಳೆಯುವ ಮರವನ್ನು ಕಳೆದುಕೊಂಡರೆ ಅದನ್ನು ಆ ತಲೆಮಾರಿನಲ್ಲಿ ಮರಳಿ ಪಡೆಯುವಂತಿಲ್ಲ.

ಅಲ್ಲಿಂದೀಚೆಗೆ ಮರುಭೂಮಿಯ ಸ್ವರೂಪ ಬಹಳ ಬದಲಾಗಿದೆ. 1899–1900ರ ಕ್ಷಾಮವನ್ನು ಕಣ್ಣಾರೆ ಕಂಡ ಬಿಕಾನೇರಿನ ಮಹಾರಾಜ ಗಂಗಾಸಿಂಹರು 1927ರಲ್ಲಿ ಸಟ್ಲೆಜ್ ನದಿಯ ನೀರನ್ನು ಕಾಲುವೆಯಿಂದ ತಂದರು. 1958ರಲ್ಲಿ ಇನ್ನೂ ದೊಡ್ಡದಾದ ರಾಜಸ್ಥಾನ ಕಾಲುವೆಯ ಕೆಲಸ ಮೊದಲಾಯಿತು. ಈಗ ಅದಕ್ಕೆ ಇಂದಿರಾ ಗಾಂಧಿಯವರ ಹೆಸರು. ಮರಳಿನಲ್ಲಿ ಗೋಧಿ ಬೆಳೆಯಿತು. ಕೆಲವು ಕಡೆ ನೀರು ನಿಂತು ನೆಲ ಜೌಗಾಗಿ ಉಪ್ಪೂ ಏರಿತು. 1983ರಲ್ಲಿ ರಾಜಸ್ಥಾನವು ಖೇಜ್ರಿಯನ್ನು ರಾಜ್ಯವೃಕ್ಷವೆಂದು ಸಾರಿತು. ಆದರೂ ಈಚಿನ ವರ್ಷಗಳಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಸ್ಥಾವರಗಳಿಗಾಗಿ ಅದೇ ಮರವು ಬಿಕಾನೇರಿನ ಸೀಮೆಯಲ್ಲಿ ಕೊಡಲಿಗೆ ತುತ್ತಾಗಿ, ಜನರು ಮತ್ತೆ ಪ್ರತಿಭಟಿಸಿದ್ದಾರೆ. ವಿದ್ಯುತ್ತು ದೇಶಕ್ಕೆ ಬೇಕಾದುದು ನಿಜ. ಆದರೆ ಮರುಭೂಮಿಯನ್ನು ಬರಿದಾದ ಬಯಲೆಂದು ಭಾವಿಸಿ ನಕ್ಷೆಯನ್ನು ಬರೆಯುವವರು, ಆ ಬಯಲಿನ ಒಂದೊಂದು ಮರಕ್ಕೂ ಒಂದೊಂದು ಮನೆಯು ಅಂಟಿಕೊಂಡಿರುವುದನ್ನು ಮೊದಲು ಎಣಿಸತಕ್ಕದ್ದು.