ಎರಡು ಪುಟದ ಲೇಖನ, ಒಂದು ಊರಿನ ಹೆಸರು

ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಕಾಗದದ ತಲೆಯ ಮೇಲಿನ 'ಉಲ್ಲೇಖ' ಎಂಬ ಸಾಲಿನ ಬೆಲೆ ಗೊತ್ತು. ಯಾವ ಹಳೆಯ ಪತ್ರ, ಯಾವ ತಾರೀಖು ಎಂಬುದನ್ನು ಅಲ್ಲಿ ಕಾಣಿಸದೆ ಹೋದರೆ ಸಾಹೇಬರು ಕಡತವನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಾರೆ. ವಿಜ್ಞಾನಿಗಳ ಲೋಕದಲ್ಲೂ ಇಂಥದೇ ಪದ್ಧತಿಯುಂಟು. ಹೊಸ ಲೇಖನ ಬರೆದವರು ತಾವು ಆಧರಿಸಿದ ಹಳೆಯ ಲೇಖನಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡಲೇಬೇಕು. ಈ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ಯಾರನ್ನು ಎಷ್ಟು ಸಲ ಉಲ್ಲೇಖಿಸಲಾಗಿದೆ ಎಂದು ನೋಡಬಹುದಲ್ಲ ಎಂಬ ವಿಚಾರವನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಎಂಬವರು 1955ರಲ್ಲಿ ಮಂಡಿಸಿದರು. 1964ರಿಂದ ಫಿಲಡೆಲ್ಫಿಯಾದ ಅವರ ಸಂಸ್ಥೆ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ಸಂಪುಟಗಳನ್ನು ಹೊರಡಿಸತೊಡಗಿತು. ಲೇಖನಗಳನ್ನು ಹುಡುಕಲೆಂದು ಹುಟ್ಟಿದ ಈ ಸಾಧನ, ಬರುಬರುತ್ತ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ 'ಎಚ್-ಇಂಡೆಕ್ಸ್' ಎಂಬ ಅಂಕವನ್ನೂ ಸೇರಿಸಿದರು: ಒಬ್ಬನ ಎಂಟು ಲೇಖನಗಳು ತಲಾ ಎಂಟು ಸಲವಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಎಂಟು. ಒಂದೇ ಒಂದು ಲೇಖನ ಬರೆದವನ ಅಂಕ, ಆ ಲೇಖನ ಲೋಕವನ್ನೇ ಅಲ್ಲಾಡಿಸಿದ್ದರೂ, ಒಂದನ್ನು ದಾಟುವುದಿಲ್ಲ. ನಮ್ಮ ವಾರ್ಷಿಕ ಗೋಪ್ಯ ವರದಿಯೇ ವಾಸಿ ಅನ್ನಬೇಕು!

ಈ ತಕ್ಕಡಿಗೆ ಸರಿಯಾಗಿ ಸಿಕ್ಕದ ಒಂದು ಲೇಖನದ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದು ಹುಟ್ಟಿದ್ದು ದೂರದಲ್ಲೆಲ್ಲೂ ಅಲ್ಲ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿದರೆ ಒಂದು ಗಂಟೆಯ ಒಳಗೆ ತಲುಪಬಹುದಾದ ಪರೇಲಿನಲ್ಲಿ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕಲ್ಯಾಣದಿಂದ ಫೋನು ಬಂತು. ಗದಗಿನ ಕಡೆಯ ಪರಿಚಿತ ಕುಟುಂಬ. ಮನೆಯ ಸೊಸೆ ತುಂಬು ಗರ್ಭಿಣಿ, ಮೈಯಲ್ಲಿ ರಕ್ತ ತೀರ ಕಡಿಮೆ, ಹೆರಿಗೆಗೆ ಮುಂಚೆ ಎರಡು ಬಾಟಲಿಯಾದರೂ ಕೊಡಬೇಕು ಎಂದಿದ್ದರು ಡಾಕ್ಟರು. ಗುಂಪು 'ಒ ಪಾಸಿಟಿವ್' ಎಂದು ವರ್ಷಗಳ ಹಿಂದೆ ಯಾವುದೋ ಲ್ಯಾಬು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಆದರೆ ಬ್ಲಡ್ ಬ್ಯಾಂಕಿನಲ್ಲಿ ಯಾವ ಬಾಟಲಿಯೊಂದಿಗೆ ತಾಳೆ ನೋಡಿದರೂ ರಕ್ತ ಮುದ್ದೆಗಟ್ಟುತ್ತಿತ್ತು. ನಮಗೆ ಹೊಳೆದದ್ದು ಒಂದೇ ಉಪಾಯ. ಸಂಘದ ರಕ್ತದಾನ ಶಿಬಿರದ ಪುಸ್ತಕ ತೆಗೆದು 'ಒ' ಗುಂಪಿನವರಿಗೆಲ್ಲ ಫೋನು ಮಾಡಿದೆವು. ಠಾಣೆ, ಐರೋಲಿ, ನೆರೂಳಗಳಿಂದ ಹನ್ನೊಂದು ಜನ ಆ ಹೊತ್ತಿನಲ್ಲೇ ಹೊರಡಲು ಸಿದ್ಧರಾದರು. ಡಾಕ್ಟರು ಮಾತ್ರ, "ಹನ್ನೊಂದಲ್ಲ, ನೂರು ಜನ ಬಂದರೂ ಪ್ರಯೋಜನವಿಲ್ಲ. ಈಕೆಯದು ಒ ಅಲ್ಲವೇ ಅಲ್ಲ ಅನ್ನಿಸುತ್ತದೆ, ಮೊದಲು ಮಾದರಿಯನ್ನು ಪರೇಲಿಗೆ ಕಳಿಸಿ" ಎಂದರು. ಮರುದಿನ ಉತ್ತರ ಬಂತು: ಬಾಂಬೆ ಗುಂಪು.

ಪರೇಲಿನ ಕೆ.ಇ.ಎಂ. ಆಸ್ಪತ್ರೆ ಮತ್ತು ಅದರ ಜೊತೆಗಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು 1926ರಲ್ಲಿ ಆರಂಭವಾದವು. ಡಾ. ವೈ.ಎಂ. ಭೇಂಡೆ ರೋಗವಿಜ್ಞಾನಿ. ಅವರೂ, ಸಿ.ಕೆ. ದೇಶಪಾಂಡೆ, ಎಚ್.ಎಂ. ಭಾಟಿಯಾ ಎಂಬ ಸಹೋದ್ಯೋಗಿಗಳೂ ಮುಂಬಯಿಯ ಮೂವರ ರಕ್ತದಲ್ಲಿ ಒಂದು ವಿಚಿತ್ರ ಕಂಡರು. ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿಯೆನ್ನಾದಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ, ಎ ಇಲ್ಲದ, ಬಿ ಇಲ್ಲದ ರಕ್ತ 'ಒ' ಎಂದೇ ಎಲ್ಲರ ನಂಬಿಕೆ. ಈ ಮೂವರಲ್ಲಿ ಎ ಇಲ್ಲ, ಬಿ ಇಲ್ಲ. ಆದರೂ 'ಒ' ರಕ್ತವನ್ನು ಇವರ ರಕ್ತ ಹತ್ತಿರ ಸೇರಿಸದು. ಮಾದರಿಗಳು ಲಂಡನ್ನಿನ ಲಿಸ್ಟರ್ ಸಂಸ್ಥೆಗೆ ಹೋದವು. ಅಲ್ಲಿ ರಕ್ತದ ಗುಂಪುಗಳ ವಿಷಯದಲ್ಲಿ ಕೊನೆಯ ಮಾತೆನಿಸಿದ್ದ ರೇಸ್ ಮತ್ತು ರೂತ್ ಸ್ಯಾಂಗರ್ ಇದ್ದರು. ರಕ್ತಕಣದ ಮೈಮೇಲಿನ ಸಕ್ಕರೆಗಳ ರಸಾಯನವನ್ನು ಬಿಡಿಸುತ್ತಿದ್ದ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಇದ್ದರು. ಏಳು ಜನರ ಹೆಸರು ಹೊತ್ತ ಆ ಲೇಖನ 1952ರ ಮೇ ತಿಂಗಳಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ 903 ಮತ್ತು 904ನೆಯ ಪುಟಗಳಲ್ಲಿ ಬಂತು. ಅಷ್ಟೇ, ಎರಡು ಪುಟ. ಮೊದಲ ಹೆಸರು ಭೇಂಡೆಯವರದು.

ವಿಚಿತ್ರದ ಗುಟ್ಟು ಸುಲಭವಾಗಿಯೇ ಇದೆ. ಗೋಡೆಗೆ ಒಂದು ಗೂಟ ಹೊಡೆದಿದೆ ಎನ್ನಿ. ಅದರ ಮೇಲೆ ಎ ಎಂಬ ಅಂಗಿ ತೂಗುಹಾಕಿದರೆ ಎ ಗುಂಪು, ಬಿ ಎಂಬ ಅಂಗಿಯಾದರೆ ಬಿ ಗುಂಪು, ಎರಡೂ ಇದ್ದರೆ ಎಬಿ. ಬರೀ ಗೂಟವಿದ್ದರೆ ಒ. ಆ ಗೂಟಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಎಚ್'. ಬಾಂಬೆ ಗುಂಪಿನವರಲ್ಲಿ ಗೂಟವೇ ಇಲ್ಲ. ಆದ್ದರಿಂದ ಅವರ ಮೈಗೆ ಎ, ಬಿಗಳಂತೆ ಎಚ್ ಕೂಡ ಪರಕೀಯ. ಒ ರಕ್ತದ ತುಂಬ ಇರುವುದೇ ಎಚ್ ಆದ್ದರಿಂದ, ಅದನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಇಂಥವರಿಗೆ ಇಂಥವರದೇ ರಕ್ತ ಆಗಬೇಕು.

ಇನ್ನೂ ಒಂದು ಸಂಗತಿಯಿದೆ. ಅಂಗಿ ಪೆಟ್ಟಿಗೆಯಲ್ಲಿದ್ದರೂ ಗೂಟವಿಲ್ಲದೆ ಹೊರಗೆ ಕಾಣಿಸುವುದಿಲ್ಲ. 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ ಲೆವಿನ್ ಮತ್ತು ಸಂಗಡಿಗರು, ಪರೀಕ್ಷೆಯಲ್ಲಿ ಒ ಎಂದು ಕಂಡ ಇಟಾಲಿಯನ್ ಮೂಲದ ಹೆಂಗಸೊಬ್ಬಳು ತನ್ನ ಮಗಳಿಗೆ ಬಿ ಗುಣವನ್ನು ದಾಟಿಸಿದ್ದನ್ನು ತೋರಿಸಿದರು. ನಾವು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ, ಒ ತಂದೆಗೂ ಒ ತಾಯಿಗೂ ಬಿ ಮಗು ಹುಟ್ಟುವುದು ಅಸಾಧ್ಯ ಎಂದು ಕೋಷ್ಟಕ ಬರೆದು ಅಂಕ ಗಿಟ್ಟಿಸಿದವರು. ಆ ಕೋಷ್ಟಕವನ್ನೇ ವೇದವೆಂದು ನಂಬಿದ ಗಂಡನೊಬ್ಬನ ಕೈಗೆ ಇಂಥ ಚೀಟಿ ಸಿಕ್ಕಿದರೆ ನಿರಪರಾಧಿ ಹೆಂಗಸಿನ ಗತಿಯೇನು?

1957ರಲ್ಲಿ ಮುಂಬಯಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಕ್ತಗುಂಪು ಕೇಂದ್ರ ಆರಂಭವಾಯಿತು. ಈಗ ಕೆ.ಇ.ಎಂ. ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಅದೇ ಬೇರಿನದು. ಲೇಖನದ ಮೂರನೆಯ ಹೆಸರಿನ ಭಾಟಿಯಾ ಮುಂದೆ ಅದರ ನಿರ್ದೇಶಕರಾದರು. ಅವರೂ ಸಾಠೆಯವರೂ 1974ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮುಂಬಯಿಯಲ್ಲಿ ಸುಮಾರು 7,600 ಜನರಿಗೆ ಒಬ್ಬರು ಈ ಗುಂಪಿನವರು. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಸಿಕ್ಕಿದರೆ ಹೆಚ್ಚು. ತಂದೆಯಿಂದಲೂ ತಾಯಿಯಿಂದಲೂ ಒಂದೇ ಕೊರತೆ ಬಂದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವ, ಸೋದರತ್ತೆಯ ಮಗ ಎಂದು ಹತ್ತಿರದಲ್ಲೇ ಹೆಣ್ಣು ಕೊಟ್ಟು ತರುವ ನಮ್ಮ ಕಡೆ ಅದರ ಸಂಭವ ಹೆಚ್ಚು. ಕಲ್ಯಾಣದ ಆ ಸೊಸೆಯ ತಂದೆ ತಾಯಿಯೂ ಅತ್ತೆ ಮಾವನ ಮಕ್ಕಳೇ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಬೇರೊಂದು ಸ್ವಾರಸ್ಯವೂ ಇದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಫ್ರೆಂಚರದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಗಳ ಕೂಲಿಗೆ ಭಾರತದಿಂದ ಜನ ಅಲ್ಲಿಗೆ ಹೋದರು. 1982ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ದ್ವೀಪದಲ್ಲಿ ಎಚ್ ಕೊರತೆಯ ಜನರನ್ನು ಗುರುತಿಸಿತು. ಅಪ್ಪಟ ಬಾಂಬೆ ಬಗೆ ಕಂಡದ್ದು ಭಾರತೀಯ ಮೂಲದವರಲ್ಲಿ. ಭಾಷೆ ಹೋದರೂ ಗುಂಪು ಹೋಗಿರಲಿಲ್ಲ. ಅತ್ತ 1992ರಲ್ಲಿ, ಗಾಯಕ್ಕೆ ಕೀವು ಬಾರದೆ ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಇಸ್ರೇಲಿನ ಇಬ್ಬರು ಮಕ್ಕಳ ಕಾಯಿಲೆಯನ್ನು ಬಿಡಿಸುವಾಗ, ಅವರ ರಕ್ತವೂ ಬಾಂಬೆ ಬಗೆಯದು ಎಂಬುದೇ ಒಂದು ಸುಳಿವಾಯಿತು. ಗೂಟ ಮಾಡುವ ಜೀನಿನಲ್ಲಿ ಒಂದೇ ಅಕ್ಷರ ತಪ್ಪಿದ್ದು, ಅದರ ಪಕ್ಕದ ಜೀನು ಪೂರ್ತಿ ಕಳಚಿಹೋದದ್ದು ಭಾರತೀಯ ಬಾಂಬೆ ಗುಂಪಿಗೆ ಕಾರಣವೆಂದು 1997ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇವೆಲ್ಲದರ ತಾಯಿಬೇರು ಆ ಎರಡು ಪುಟಗಳಲ್ಲಿದೆ.

ಹಾಗಾದರೆ ಭೇಂಡೆಯವರ ಹೆಸರು ಮನೆಮಾತಾಗಬೇಕಿತ್ತಲ್ಲ? ಆಗಲಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇಂಥದಕ್ಕೆ ಒಂದು ಹೆಸರನ್ನೇ ಕೊಟ್ಟಿದ್ದಾರೆ: ಒಳಗೆ ಸೇರಿಹೋಗಿ ಅಳಿಸಿಹೋಗುವುದು. ಒಂದು ವಿಚಾರ ಎಲ್ಲರದೂ ಆದ ಮೇಲೆ ಮೊದಲು ಹೇಳಿದವರನ್ನು ಯಾರೂ ಉಲ್ಲೇಖಿಸುವುದಿಲ್ಲ. ಇಂದು ಪಠ್ಯಪುಸ್ತಕದಲ್ಲಿ 'ಬಾಂಬೆ ಫಿನೋಟೈಪ್' ಎಂದು ಬರೆಯುವವರು 1952ರ ಲೇಖನವನ್ನು ಹೆಸರಿಸಬೇಕೆಂದಿಲ್ಲ. ಮೂರು ಮಂದಿ ಮುಂಬಯಿಗರು ಕಂಡದ್ದಕ್ಕೆ ಊರಿನ ಹೆಸರು ಉಳಿಯಿತು, ಜನರ ಹೆಸರು ಕರಗಿತು. ಊರೇ 1995ರಲ್ಲಿ ತನ್ನ ಇಂಗ್ಲಿಷ್ ಹೆಸರು ಬಿಟ್ಟು ಮುಂಬಯಿಯಾಯಿತು. ರಕ್ತ ಮಾತ್ರ ಬಾಂಬೆಯಾಗಿಯೇ ಇದೆ. ಭೇಂಡೆಯವರು ರೋಗವಿಜ್ಞಾನದ ಒಂದು ಪಠ್ಯಪುಸ್ತಕವನ್ನೂ ಬರೆದರು. ನಮ್ಮ ದೇಶದ ಎಷ್ಟೋ ವೈದ್ಯರು ಅದನ್ನು ಓದಿ ಪರೀಕ್ಷೆ ಮುಗಿಸಿದರು. ಆದರೆ ಪರೀಕ್ಷೆಗೆ ಓದಿದ ಹುಡುಗ ಉತ್ತರ ಪತ್ರಿಕೆಯಲ್ಲಿ ಉಲ್ಲೇಖ ಬರೆಯುತ್ತಾನೆಯೇ?

ಎಣಿಕೆಯಿಂದ ನ್ಯಾಯ ಸಿಕ್ಕ ಉದಾಹರಣೆ ಇಲ್ಲವೆಂದಲ್ಲ. ಕಲಕತ್ತೆಯ ಡಾ. ಶಂಭುನಾಥ ಡೇ 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾಲರಾದ ವಿಷವನ್ನು ಕುರಿತು ಬರೆದದ್ದು ವರ್ಷಗಟ್ಟಲೆ ಮೂಲೆಯಲ್ಲಿತ್ತು. ಗಾರ್‌ಫೀಲ್ಡ್ ತಮ್ಮ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ ಡೇಯವರ ಹಿರಿಮೆಯನ್ನು ವಿವರವಾಗಿ ಬರೆದದ್ದು 1986ರಲ್ಲಿ. ಡೇ 1985ರಲ್ಲೇ ತೀರಿಕೊಂಡಿದ್ದರು.

ಕಲ್ಯಾಣದ ಕತೆಗೆ ಬರೋಣ. ಒಡಹುಟ್ಟಿದವರಲ್ಲಿ ಇದೇ ಗುಂಪು ಇರುವ ಸಂಭವ ನಾಲ್ಕರಲ್ಲಿ ಒಂದು ಎಂದು ಪರೇಲಿನಲ್ಲಿ ಹೇಳಿದರು. ಹುಬ್ಬಳ್ಳಿಯಲ್ಲಿದ್ದ ತಮ್ಮನ ಚೀಟಿಯಲ್ಲೂ 'ಒ' ಎಂದೇ ಇತ್ತು. ಎ ಮತ್ತು ಬಿಗಳಿಗೆ ಮಾತ್ರ ಪರೀಕ್ಷೆ ಮಾಡಿ, ಸೀರಮ್ಮನ್ನು ಒ ಕಣಗಳೊಂದಿಗೆ ತಾಳೆ ನೋಡದಿದ್ದರೆ ಹೀಗೆಯೇ ಆಗುತ್ತದೆ. ನಿಮ್ಮ ಮನೆಯಲ್ಲಿ ಒ ಗುಂಪಿನವರಿದ್ದು ಯಾವಾಗಲಾದರೂ ಒ ರಕ್ತ ತಾಳೆಯಾಗದೆ ಹೋಗಿದ್ದರೆ, ಎಚ್ ಪರೀಕ್ಷೆ ಆಗಿದೆಯೇ ಎಂದು ಕೇಳಿ ನೋಡಿ. ತಮ್ಮ ಅಂದೇ ರೈಲು ಹತ್ತಿ, ಮರುದಿನ ನಸುಕಿನಲ್ಲಿ ಕಲ್ಯಾಣದಲ್ಲಿ ಇಳಿದ. ನಾವು ಕಚೇರಿಗೆ ರಜೆ ಹಾಕಿ ಅವನನ್ನು ಪರೇಲಿಗೆ ಕರೆದುಕೊಂಡು ಹೋದೆವು. ಪರೀಕ್ಷೆಯಲ್ಲಿ ಅಕ್ಕನದೇ ಗುಂಪು ಬಂತು, ರಕ್ತ ಕೊಟ್ಟ. ಎರಡನೆಯ ಬಾಟಲಿ ವಿರಳ ರಕ್ತದ ದಾನಿಗಳ ಪಟ್ಟಿಯಲ್ಲಿದ್ದ ಒಬ್ಬರಿಂದ ಸಿಕ್ಕಿತು. ನಾಲ್ಕನೆಯ ದಿನ ಹೆರಿಗೆಯಾಯಿತು, ಹೆಣ್ಣು ಮಗು.

ಹಿಂದಿರುಗುವಾಗ ಲೋಕಲಿನ ಬಾಗಿಲ ಬಳಿ ನಿಂತು ಆ ಹುಡುಗ ಕೇಳಿದ: "ಅಲ್ಲರೀ ಕಾಕಾ, ನಾ ಬಾಂಬೆ ನೋಡಾಕತ್ತಿದ್ದು ಇದೇ ಮೊದಲ ಸಲ. ನನ್ನ ರಕ್ತಕ್ಕ ಬಾಂಬೆ ಅಂತ ಯಾಕ ಹೆಸರಿಟ್ಟಾರ?" ಭೇಂಡೆಯವರಿಂದ ಆರಂಭಿಸಿ ನಾವು ಹೇಳುತ್ತ ಬಂದೆವು. ಠಾಣೆ ದಾಟಿ ಮುಂಬ್ರಾ ಬಂದರೂ ಮುಗಿದಿರಲಿಲ್ಲ. ಈಗ ನಮ್ಮ ಸಂಘದ ರಕ್ತದಾನಿಗಳ ಪುಸ್ತಕದಲ್ಲಿ ಅವನ ಹೆಸರೂ ಸೇರಿದೆ. ಊರು ಎಂಬಲ್ಲಿ ಹುಬ್ಬಳ್ಳಿ, ಗುಂಪು ಎಂಬಲ್ಲಿ ಬಾಂಬೆ.