ವಾಷಿಂಗ್ಟನ್ನರ ಹಲ್ಲು ಮರದ್ದಲ್ಲ

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಬಂದಾಗ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: “ಸರ್, ಜಾರ್ಜ್ ವಾಷಿಂಗ್ಟನ್‌ಗೆ ಮರದ ಹಲ್ಲಿತ್ತಂತೆ, ಹೌದಾ?” ನಾನೂ ಬಹಳ ವರ್ಷ ಹೌದೆಂದೇ ಹೇಳಿದ್ದೆ. ತಪ್ಪು ಹೇಳಿದ್ದೆ.

1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಒಂದು ಸ್ವಂತ ಹಲ್ಲು. ನ್ಯೂಯಾರ್ಕಿನ ದಂತವೈದ್ಯ ಜಾನ್ ಗ್ರೀನ್‌ವುಡ್ ಕಟ್ಟಿಕೊಟ್ಟ ಸೆಟ್ಟು ನೀರಾನೆಯ ದಂತದ್ದು. ಅದರಲ್ಲಿ ಮನುಷ್ಯರ ಹಲ್ಲು ಕೂರಿಸಿ, ಉಳಿದ ಆ ಒಂದು ಹಲ್ಲಿಗೆ ತೂತು ಬಿಟ್ಟಿದ್ದರು. ಇನ್ನೊಂದು ಸೆಟ್ಟಿನಲ್ಲಿ ಸೀಸ, ಹಸು ಕುದುರೆಗಳ ಹಲ್ಲು ಎಲ್ಲವೂ ಇವೆ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಸ್ಪ್ರಿಂಗು. ದವಡೆ ಬಿಗಿಹಿಡಿಯದಿದ್ದರೆ ಬಾಯಿ ತಾನಾಗಿ ತೆರೆದುಕೊಳ್ಳುವಂಥ ವ್ಯವಸ್ಥೆ! ಪೋರ್ಟ್ ವೈನ್‌ನಿಂದ ಸೆಟ್ಟು ಕಪ್ಪಾಗಿದೆ ಎಂದು ಗ್ರೀನ್‌ವುಡ್ 1798ರಲ್ಲಿ ಪತ್ರ ಬರೆದಿದ್ದರು. ಹೀಗೆ ಕಲೆ ಕಟ್ಟಿದ ದಂತದ ಗೆರೆಗಳೇ ನೋಡಿದವರಿಗೆ ಮರದಂತೆ ಕಂಡಿರಬೇಕು.

ಮನುಷ್ಯರ ಹಲ್ಲು ಎಲ್ಲಿಂದ ಬರುತ್ತಿತ್ತು? ವಾಷಿಂಗ್ಟನ್ನರ 1784ರ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿದೆ. ಕಪ್ಪು ಜನರಿಗೆ 9 ಹಲ್ಲುಗಳ ಬಾಬ್ತು ಕೊಟ್ಟದ್ದು 6 ಪೌಂಡ್ 2 ಷಿಲ್ಲಿಂಗ್, ದಂತವೈದ್ಯನ ಲೆಕ್ಕಕ್ಕೆ. ಅವರು ಅವರದೇ ತೋಟದ ಗುಲಾಮರಾಗಿರಬೇಕು. ಹಲ್ಲು ಯಾರ ಬಾಯಿಗೆ ಹೋಯಿತೆಂದು ಬರೆದಿಲ್ಲ, ಕೊಟ್ಟವರ ಹೆಸರೂ ಇಲ್ಲ. ದುಡ್ಡು ಕೊಟ್ಟಿದ್ದಾರಲ್ಲ ಎನ್ನುವವರಿದ್ದಾರೆ. ಬೇಡ ಎನ್ನಲು ಆಗದವನು ಮಾಡಿದ್ದು ಎಂಥ ಮಾರಾಟ?

ಯುರೋಪಿನಲ್ಲೂ ಇದೇ ಕತೆ. 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಎಳೆಯ ಸೈನಿಕರ ಹಲ್ಲು ಕಿತ್ತು ಮಾರಿದರು. ಅಂಥವಕ್ಕೆ ‘ವಾಟರ್ಲೂ ಹಲ್ಲು’ ಎಂಬ ಹೆಸರೇ ನಿಂತಿತು.

ಪಿಂಗಾಣಿ ಹಲ್ಲು 18ನೇ ಶತಮಾನದ ಕೊನೆಗೇ ಪ್ಯಾರಿಸ್ಸಿನಲ್ಲಿ ಬಂದಿತ್ತು. ಆದರೆ ಅದನ್ನು ಕೂರಿಸಲು ಅಗ್ಗದ ವಸಡು ಬೇಕಲ್ಲ! ಅದನ್ನು ಕೊಟ್ಟದ್ದು ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. 1850ರ ದಶಕದಿಂದ ಸಾಧಾರಣ ಜನರೂ ಹಲ್ಲು ಕಟ್ಟಿಸಿಕೊಳ್ಳುವಂತಾಯಿತು. ಅದರಲ್ಲೂ ಜಗಳ ಬಿಡಲಿಲ್ಲ. ಪೇಟೆಂಟ್ ಹಿಡಿದ ಕಂಪನಿ ದಂತವೈದ್ಯರಿಂದ ಪರವಾನಗಿ ಹಣ ವಸೂಲಿ ಮಾಡಿತು, ಕೊಡದವರ ಮೇಲೆ ಕೇಸು ಹಾಕಿತು. 1879ರಲ್ಲಿ ಅದರ ಖಜಾಂಚಿ ಜೋಸಯಾ ಬೇಕನ್‌ನನ್ನು ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಗುಂಡಿಕ್ಕಿ ಕೊಂದ. ಪೇಟೆಂಟಿನ ಅವಧಿ ಮುಗಿದದ್ದು 1881ರಲ್ಲಿ.

ನಮ್ಮ ಅಜ್ಜ ಅಜ್ಜಿಯರು ರಾತ್ರಿ ಲೋಟದ ನೀರಿಗೆ ಹಾಕಿಡುವ ಗುಲಾಬಿ ಬಣ್ಣದ ಸೆಟ್ಟು ರಬ್ಬರಿನದಲ್ಲ. ಅದು 1930ರ ದಶಕದ ಕೊನೆಗೆ ಬಂದ ಅಕ್ರಿಲಿಕ್.