ಸ್ಪರ್ಧಾಂಗಣದಲ್ಲಿ ಕೇಳಿದ ಪ್ರಶ್ನೆ

ಪಂಪನ ಕಾವ್ಯವನ್ನು ಬಹುಕಾಲ ಪಾಠ ಹೇಳಿದ ನನಗೆ, ಶಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಕರ್ಣನ ಕುಲವನ್ನು ಕೇಳುವ ಪ್ರಸಂಗ ಬಂದಾಗಲೆಲ್ಲ ಒಂದು ವಿಚಾರ ಮನಸ್ಸನ್ನು ಕಾಡುತ್ತಿತ್ತು. ಆತನ ಬಿಲ್ವಿದ್ಯೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಹುಟ್ಟನ್ನು ಕೇಳಿದರು, ಅದೂ ನೆರೆದ ಸಭೆಯ ನಡುವೆ. ನಮ್ಮ ಕಾಲದ ಕ್ರೀಡಾಂಗಣಗಳಲ್ಲಿಯೂ ಕೆಲವು ಹೆಣ್ಣುಮಕ್ಕಳು ಇಂಥದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ನೀನು ಹೆಣ್ಣೆಂಬುದಕ್ಕೆ ಪ್ರಮಾಣವೇನು ಎಂಬುದೇ ಆ ಪ್ರಶ್ನೆ.

ಪ್ರಶ್ನೆಯ ಹಿಂದೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಹರೆಯದಲ್ಲಿ ಗಂಡಿನ ದೇಹದಲ್ಲಿ ಹೆಚ್ಚುವ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಸ್ನಾಯು, ಎಲುಬು, ರಕ್ತಗಳಿಗೆ ವಿಶೇಷ ಬಲವನ್ನು ತರುತ್ತದೆ. ಓಟದಲ್ಲಿ ಇದರ ಫಲ ಶೇಕಡಾ 10ರಷ್ಟು ಅಂತರ. ಸ್ತ್ರೀಯರಿಗೆ ಪ್ರತ್ಯೇಕ ಪಂದ್ಯವಿಲ್ಲದಿದ್ದರೆ ಅವರು ಗೆಲ್ಲುವುದಿರಲಿ, ಅಂತಿಮ ಸುತ್ತನ್ನು ಮುಟ್ಟುವುದೂ ದುರ್ಲಭ. ಆದಕಾರಣ ಗೆರೆಯೊಂದು ಬೇಕು. ಆದರೆ ಪ್ರಕೃತಿ ಗೆರೆ ಎಳೆದು ಸೃಷ್ಟಿಸುವುದಿಲ್ಲ. ಹೆಣ್ಣಾಗಿಯೇ ಹುಟ್ಟಿ ಬೆಳೆದ ಕೆಲವರ ವರ್ಣತಂತು ಗಂಡಿನದಾಗಿರಬಹುದು. ಕೆಲವರಲ್ಲಿ ಈ ಹಾರ್ಮೋನು ಮಿಗಿಲಾಗಿರಬಹುದು.

ಗೆರೆ ಎಳೆದ ಕಥೆ ಹಿತಕರವಾದುದಲ್ಲ. 1966ರಲ್ಲಿ ಬುಡಾಪೆಸ್ಟ್ ನಗರದ ಯೂರೋಪಿಯನ್ ಕೂಟದಲ್ಲಿ ಸ್ಪರ್ಧಿನಿಯರು ವೈದ್ಯರ ಮುಂದೆ ವಿವಸ್ತ್ರರಾಗಿ ನಿಲ್ಲಬೇಕಾಯಿತು. 1968ರಿಂದ ಒಲಿಂಪಿಕ್ಸಿನಲ್ಲಿ ವರ್ಣತಂತುಗಳ ಪರೀಕ್ಷೆ ಬಂದಿತು. ನಮ್ಮ ನಾಡಿನ ವಂದನಾ ರಾವ್ ರಿಲೇ ತಂಡದಲ್ಲಿ ಓಡಿದ 1984ರ ಲಾಸ್ ಏಂಜಲೀಸ್ ಕೂಟದಲ್ಲಿಯೂ ಅದು ಕಡ್ಡಾಯವಾಗಿತ್ತು. 1985ರಲ್ಲಿ ಸ್ಪೇನಿನ ಮರಿಯಾ ಹೊಸೆ ಮಾರ್ಟಿನೆಸ್ ಪತಿನ್ಯೊ ಈ ಪರೀಕ್ಷೆಯಲ್ಲಿ ಸೋತಳು. ಅವಳ ದೇಹಕ್ಕೆ ಟೆಸ್ಟೊಸ್ಟೆರೋನನ್ನು ಬಳಸಿಕೊಳ್ಳುವ ಶಕ್ತಿಯೇ ಇರಲಿಲ್ಲ. ಹೆಚ್ಚಿನ ಬಲವೆಂಬುದು ಎಲ್ಲಿಂದ ಬರಬೇಕು? ಹೋರಾಡಿ 1988ರಲ್ಲಿ ಅವಳು ಅರ್ಹತೆಯನ್ನು ಮರಳಿ ಪಡೆದಳು. ಒಲಿಂಪಿಕ್ಸಿನ ಈ ಕಡ್ಡಾಯ ಪರೀಕ್ಷೆ 1999ರಲ್ಲಿ ನಿಂತಿತು.

ಆದರೆ ಸಂಶಯ ನಿಲ್ಲಲಿಲ್ಲ. 2006ರ ದೋಹಾ ಏಷ್ಯನ್ ಕೂಟದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಶಾಂತಿ ಸೌಂದರರಾಜನ್ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದಳು. ಇಟ್ಟಿಗೆ ಗೂಡಿನ ಕೂಲಿಗಾರರ ಮಗಳು ಆಕೆ. ಪಂದ್ಯ ಮುಗಿದ ಮೇಲೆ ಪರೀಕ್ಷೆ ನಡೆಯಿತು, ಪದಕ ಹೋಯಿತು, ಸುದ್ದಿ ಲೋಕಕ್ಕೆಲ್ಲ ಹರಡಿತು. ಮುಂದೆ ಆಕೆಯೂ ಇಟ್ಟಿಗೆ ಗೂಡಿನಲ್ಲಿ ದುಡಿದಳು. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಶಿಕ್ಷಣಕ್ಕೆ ಸೇರಿ, ಬಳಿಕ ತರಬೇತುದಾರಳಾದಳು. ಆ ಪದಕ ಮಾತ್ರ ಹಿಂದಿರುಗಿಲ್ಲ.

2011ರಲ್ಲಿ ಹೊಸ ಅಳತೆಗೋಲು ಬಂದಿತು: ಒಂದು ಲೀಟರ್ ರಕ್ತದಲ್ಲಿ ಟೆಸ್ಟೊಸ್ಟೆರೋನ್ 10 ನ್ಯಾನೊಮೋಲ್ ಮೀರಬಾರದು. ಈ ನಿಯಮದಿಂದ 2014ರಲ್ಲಿ ಹೊರಗುಳಿದ ಒಡಿಶಾದ ದ್ಯುತಿ ಚಂದ್ ಕ್ರೀಡಾ ನ್ಯಾಯಾಲಯದ ಮೆಟ್ಟಿಲೇರಿದಳು. ಅನುಕೂಲ ಎಷ್ಟೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2015ರಲ್ಲಿ ನ್ಯಾಯಾಲಯ ನಿಯಮವನ್ನು ತಡೆಹಿಡಿಯಿತು. 2018ರಲ್ಲಿ 400 ಮೀಟರಿನಿಂದ ಒಂದು ಮೈಲಿಯವರೆಗಿನ ಓಟಗಳಿಗೆ ಮಿತಿ 5 ಆಯಿತು. 2023ರಲ್ಲಿ ಎಲ್ಲ ಸ್ಪರ್ಧೆಗಳಿಗೂ 2.5 ಆಯಿತು. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾಳ ಮೊಕದ್ದಮೆಯಲ್ಲಿ, ನಿಯಮ ತಾರತಮ್ಯದ್ದು ಹೌದು, ಆದರೂ ಅಗತ್ಯವಾದುದು ಎಂದು 2019ರಲ್ಲಿ ತೀರ್ಪಾಯಿತು. ಸ್ವಿಸ್ ನ್ಯಾಯಾಲಯ ಆಕೆಯ ಅಹವಾಲನ್ನು ತಕ್ಕಷ್ಟು ಆಳವಾಗಿ ಪರಿಶೀಲಿಸಲಿಲ್ಲವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2025ರಲ್ಲಿ ಹೇಳಿತು. ಅದೇ ವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮತ್ತೆ ಜೀನ್ ಪರೀಕ್ಷೆಯನ್ನು ತಂದಿತು. ಬಿಟ್ಟ ದಾರಿಯ ಸಮೀಪಕ್ಕೇ ಲೋಕ ತಿರುಗಿ ಬಂದಂತಾಯಿತು.

ನಮ್ಮ ಮೈಸೂರಿನ ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟುವ ಪದ್ಧತಿಯುಂಟು. ಪೈಲ್ವಾನರನ್ನು ಮುಂಚಿತವಾಗಿ ಕರೆಸಿ, ತಿಳಿದವರು ಇವನಿಗೆ ಇವನು ಸರಿಜೋಡಿಯೆಂದು ಗೊತ್ತುಮಾಡುತ್ತಾರೆ. ಇದೆಲ್ಲ ನಡೆಯುವುದು ಮಟ್ಟಿಗೆ ಇಳಿಯುವ ಮೊದಲು. ಗೆದ್ದ ಮೇಲೆ ಅಲ್ಲ. ಜೋಡಿ ದೊರೆಯದವನು ನಿರಾಶನಾಗಿ ಹಿಂದಿರುಗಬಹುದು, ಮಾನಗೆಟ್ಟು ಹಿಂದಿರುಗುವುದಿಲ್ಲ. ಹಾರ್ಮೋನಿನ ಮಿತಿ ಎಷ್ಟಿರಬೇಕೆಂಬುದನ್ನು ವಿಜ್ಞಾನಿಗಳು ಚರ್ಚಿಸಲಿ. ಪರೀಕ್ಷೆ ಮೊದಲೇ, ಗುಟ್ಟಾಗಿ ನಡೆಯಬೇಕು, ಹೊರಗುಳಿಯುವವಳ ಮಾತನ್ನು ಪೂರ್ತಿ ಕೇಳಬೇಕು ಎಂಬುದಕ್ಕೆ ಯಾವ ವಿಜ್ಞಾನವೂ ಬೇಕಾಗಿಲ್ಲ. ಓಡುವ ಉಳಿದವರಿಗೆ ನ್ಯಾಯ ದೊರಕಬೇಕಾದುದೇ. ಅದರ ಬೆಲೆಯನ್ನು ಒಬ್ಬಳೇ ತನ್ನ ಮಾನದಿಂದ ತೆರಬೇಕಾದರೆ, ಆ ನ್ಯಾಯ ಅರ್ಧ ನ್ಯಾಯ.